ಯಾರು ನೋಡ್ತಾರೆ ಬಿಡು

ಕೇಳುಗರಿಗೆ ನಮಸ್ಕಾರ.

ಮೊಳಕಾಲ್ಮೂರಿನ ಒಂದು ಮನೆಯಲ್ಲಿ ಮಗ್ಗದ ಪಕ್ಕ ಕೂತಿದ್ದೆ. ನೇಯುವವರಿಗೆ ವಯಸ್ಸು ಅರವತ್ತು ದಾಟಿದೆ. ಮೂರು ಲಾಳಿಯ ರೇಷ್ಮೆ ಸೀರೆ ಅದು. ಲಾಳಿ ಅಂದರೆ ಮಗ್ಗದಲ್ಲಿ ಅಡ್ಡ ಎಳೆಯನ್ನು ಆಚೀಚೆ ಒಯ್ಯುವ ಸಾಧನ. ಮೈಗೊಂದು ಲಾಳಿ, ಎರಡು ಅಂಚಿಗೆ ಒಂದೊಂದು. ಮೈಯ ಎಳೆಯೂ ಅಂಚಿನ ಎಳೆಯೂ ಪ್ರತಿ ಸಾಲಿನಲ್ಲೂ ಒಂದನ್ನೊಂದು ಕೊಕ್ಕೆ ಹಾಕಿ ಹಿಡಿದುಕೊಳ್ಳಬೇಕು. ಆ ಬದಿಯ ಲಾಳಿಗೆ ಮೊಮ್ಮಗ ಕೂತಿದ್ದ. ನನ್ನ ಜೊತೆ ಮಾತಾಡುವ ಭರದಲ್ಲಿ ಒಂದು ಸಾಲು ತಪ್ಪಿಸಿದ. ಗೊತ್ತಾಗುವ ಹೊತ್ತಿಗೆ ನೆಯ್ಗೆ ಗೇಣುದ್ದ ಮುಂದೆ ಹೋಗಿತ್ತು.

"ನೆರಿಗೆ ಒಳಗೆ ಹೋಗ್ತೈತೆ ತಾತ, ಯಾರ್ ನೋಡ್ತಾರೆ ಬಿಡು" ಅಂದ ಹುಡುಗ.

ತಾತ ಬೈಯಲಿಲ್ಲ. ಬೆರಳಿಂದ ಎಳೆ ಎಬ್ಬಿಸಿ, ಒಂದೊಂದೇ ಹಿಂದಕ್ಕೆ ತೆಗೆಯುತ್ತಾ ಕೂತರು. ಅವತ್ತಿನ ಕೂಲಿ ಅಷ್ಟಕ್ಕೇ ಮುಗಿಯಿತು. ಬಿಚ್ಚಿ ನೇಯ್ದರೆಂದು ಅಂಗಡಿಯವನು ಹತ್ತು ರೂಪಾಯಿ ಹೆಚ್ಚಿಗೆ ಕೊಡುವುದೂ ಇಲ್ಲ.

ಹೊಟ್ಟೆಪಾಡಿಗೆ ಅವಸರ ಮಾಡುವವರನ್ನು ನಾನು ದೂರಲಾರೆ. ಸಂಬಳ ತಿಂಗಳಿಗೆ ಸರಿಯಾಗಿ ಬರುವ ನಮ್ಮಂಥವರ ಮಾತು ಬೇರೆ. ಮೇಷ್ಟ್ರಾಗಿದ್ದಾಗ "35 ಬಂದ್ರೆ ಸಾಕು ಸಾರ್" ಅಂದ ಹುಡುಗನಿಗೆ "ಆಯ್ತಪ್ಪ" ಅಂದವನು ನಾನೇ. ತಿದ್ದುವ ಪೇಪರು ಒಂದು ಕಮ್ಮಿಯಾಯಿತಲ್ಲ ಅನ್ನುವ ನೆಮ್ಮದಿ. ಈಗ ಆ ಸಾಕು ಅನ್ನುವುದು ಎಲ್ಲ ಕಡೆ ಹಬ್ಬಿದೆ. ಮದುವೆ ಕರೆಯೋಲೆಯಲ್ಲಿ ಮದುಮಗಳ ಹೆಸರೇ ತಪ್ಪು, ಕೇಳಿದರೆ "ಅರ್ಥ ಆಗ್ತೈತಲ್ಲ ಸಾರ್"!

ಹಿರಿಯೂರು ಬಳಿಯ ಮಾರಿಕಣಿವೆ ಅಣೆಕಟ್ಟೆ, ಅಂದರೆ ವಾಣಿವಿಲಾಸ ಸಾಗರ, ಮುಗಿದದ್ದು 1907ರಲ್ಲಿ. ವೇದಾವತಿಗೆ ಅಡ್ಡ ಕಟ್ಟಿದ ಆ ಕಲ್ಲಿನ ಕಟ್ಟೆ 1933ರಲ್ಲಿ ತುಂಬಿ ಕೋಡಿ ಬಿತ್ತು. ಆಮೇಲೆ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವೆ 89 ವರ್ಷ. ಅಷ್ಟೂ ಕಾಲ ಒಣಗಿಯೇ ಇದ್ದ ಕೋಡಿ. ಅಲ್ಲಿ ಕಲ್ಲು ಕೂರಿಸಿದ ಒಡ್ಡರಿಗೂ "ಇಲ್ಲಿವರೆಗೆ ನೀರು ಯಾವ ಕಾಲಕ್ಕೆ ಬರ್ತದೆ" ಅನ್ನಿಸಿರಬಹುದು. ಅನ್ನಿಸಿದರೂ ಸಂದಿ ಬಿಡಲಿಲ್ಲ. ನೀರು 130 ಅಡಿ ಮುಟ್ಟಿ ಹರಿದಾಗ ಕಟ್ಟೆ ಸುಮ್ಮನೆ ನಿಂತಿತ್ತು.

ನೋಡಲು ಜನಜಾತ್ರೆ. ಆ ನೂಕುನುಗ್ಗಲಲ್ಲಿ ನಾನೂ ಒಂದು ಫೋಟೋ ತೆಗೆದೆ. ಕೈ ಅಲುಗಿ ಮಸುಕಾಗಿ ಬಂತು. ಇರಲಿ ಬಿಡು ಅಂತ ಅದನ್ನೇ ವಾಟ್ಸಾಪಿಗೆ ಹಾಕಿದೆ.