ಕಕ್ಕೆ ಗಿಡದ ತೂತು ಎಲೆ

ಕೇಳುಗರೇ, ನಮಸ್ಕಾರ.

ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಧಾರವಾಡದ ಬಡಾವಣೆಗಳೆಲ್ಲ ಬಾಡಿರುವಾಗ, ಎಲೆ ಉದುರಿಸಿದ ಗಿಡವೊಂದು ಅರಿಶಿನದ ಗೊಂಚಲು ಇಳಿಬಿಟ್ಟು ನಿಂತಿರುತ್ತದೆ. ಅದೇ ಕಕ್ಕೆ. ನಮ್ಮ ಕಡೆ ಮರಕ್ಕೂ ಗಿಡವೆಂದೇ ಅನ್ನುವುದು ರೂಢಿ, ನಾನೂ ಹಾಗೇ ಅನ್ನುತ್ತೇನೆ. ಆಗ ಎಲ್ಲರೂ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಮಳೆ ಬಂದು, ಹೊಸ ಎಲೆಯಲ್ಲಿ ತೂತು ಬಿದ್ದ ಕೂಡಲೇ ಅದೇ ಜನ ಔಷಧದ ಪಂಪು ಹುಡುಕುತ್ತಾರೆ. ನನ್ನ ತಕರಾರು ಅಲ್ಲೇ. ಕಕ್ಕೆಯ ಎಲೆ ತೂತಾದರೆ ಔಷಧ ಹೊಡೆಯಬೇಡಿ.

ಹೋದ ವರ್ಷ ಮುಂಗಾರು ಹಿಡಿದ ಹೊಸತರಲ್ಲಿ ನೆರೆಮನೆಯ ಹಿರಿಯರು ಚಹಾ ಅರ್ಧಕ್ಕೇ ಬಿಟ್ಟು ಬಂದರು. ‘ಗಿಡ ಹೋಯಿತು!’ ನೋಡಿದರೆ ಹಸಿರು ಹುಳುಗಳು ಮೇಯುತ್ತಿದ್ದವು. ಕೆಲವು ಕೊಂಬೆಗಳಲ್ಲಿ ದಂಟಷ್ಟೇ ಉಳಿದಿತ್ತು. ಪಂಪಿನವನಿಗೆ ಆಗಲೇ ಹೇಳಿಕಳಿಸಿದ್ದರು. ನಾನು ಒಂದು ತಿಂಗಳ ವಾಯಿದೆ ಕೇಳಿದೆ. ಸಾಲ ಕೊಟ್ಟವರ ಹಾಗೆ ಚೌಕಾಸಿ ಮಾಡಿ ಹದಿನೈದು ದಿನ ಕೊಟ್ಟರು. ದಿನಾ ಸಂಜೆ ಕಂಪೌಂಡಿನ ಆಚೆಯಿಂದ ಅದೇ ಪ್ರಶ್ನೆ: ‘ಇನ್ನೆಷ್ಟು ದಿನ?’ ಒಂದು ದಿನ ಹುಳುಗಳು ಕಾಣಲಿಲ್ಲ. ‘ಸತ್ತವು’ ಎಂದು ಹಿಗ್ಗಿದರು. ನಾನು ಎಲೆಯೊಂದನ್ನು ಮಗುಚಿ ತೋರಿಸಿದೆ: ಎಲೆಯದೇ ಬಣ್ಣದ, ತುದಿ ಚೂಪಾದ ಕೋಶ. ವಾರ ಕಳೆದು ಬೆಳಿಗ್ಗೆ ಅವರೇ ನನ್ನನ್ನು ಕರೆದರು. ತಿಳಿ ಹಳದಿ ಪಾತರಗಿತ್ತಿಗಳು ರೆಕ್ಕೆ ಒಣಗಿಸುತ್ತ ಕುಳಿತಿದ್ದವು. ಮೊಮ್ಮಗಳು ಎಣಿಸುತ್ತಿದ್ದಳು, ಅಜ್ಜ ಎಣಿಕೆ ತಪ್ಪಿತೆಂದು ಜಗಳಕ್ಕೆ ನಿಂತಿದ್ದರು. ಗಿಡವೋ, ಆಷಾಢ ಮುಗಿಯುವುದರೊಳಗೆ ಮತ್ತೆ ಚಿಗುರಿತ್ತು.

ಕೊಟ್ಟ ಹೊತ್ತಿನಲ್ಲಿ ಮುಕ್ಕಾಲು ಪಾಲು ನೆರೆಮನೆಗೇ ಹೋಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ. ಈ ಪಾತರಗಿತ್ತಿ ಮೊಟ್ಟೆ ಇಡಲು ಕಕ್ಕೆ ಮತ್ತು ಅದರ ಬಳಗದ ಗಿಡಗಳನ್ನೇ ಹುಡುಕಿಕೊಂಡು ಬರುತ್ತದೆ. ಗುಬ್ಬಿ ಕಾಳು ತಿನ್ನುವ ಹಕ್ಕಿ ನಿಜ, ಆದರೆ ಮರಿಗಳಿಗೆ ಗುಟುಕು ಕೊಡುವುದು ಹುಳುಗಳನ್ನೇ. ಔಷಧ ಹೊಡೆದರೆ ಆ ಗುಟುಕೂ ಹೋಯಿತು. ಇನ್ನು ಹೂವಿಗೆ ಬರುವ ಕರಿ ದುಂಬಿ: ಅದು ಸುಮ್ಮನೆ ಗುಂಯ್‌ಗುಡುವುದಿಲ್ಲ, ಆ ಕಂಪನದಿಂದಲೇ ಪರಾಗವನ್ನು ಉದುರಿಸಿಕೊಳ್ಳುತ್ತದೆ.

ನೆಡುವವರಿಗೆ ಒಂದು ಮಾತು. ಉದ್ದನೆಯ ಕರಿ ಕಾಯಿ ಒಡೆದು ಬೀಜ ತೆಗೆಯಿರಿ. ಸಿಪ್ಪೆ ಬಲು ಗಟ್ಟಿ, ಹಾಗೇ ಹಾಕಿದರೆ ಸುಲಭಕ್ಕೆ ಮೊಳೆಯುವುದಿಲ್ಲ. ಒರಟು ಕಲ್ಲಿಗೆ ಉಜ್ಜಿ, ರಾತ್ರಿ ನೀರಿನಲ್ಲಿ ನೆನೆಸಿ ಬಿತ್ತಿರಿ. ಹೂವಿಗೆ ಕೆಲವು ವರ್ಷ ಕಾಯಬೇಕು. ಹುಳುಗಳು ಅಷ್ಟು ಕಾಯುವುದಿಲ್ಲ. ಬಂದಾಗ ಪಂಪಿನವನಿಗೆ ಹೇಳಿಕಳಿಸಬೇಡಿ, ಮೊಮ್ಮಕ್ಕಳನ್ನು ಕರೆಯಿರಿ.

ನಮಸ್ಕಾರ.