ಫಿಲ್ಮ್ ನೋಡುವ ಮುಂಚೆ ಫಾರ್ಮ್ ಓದಿ
(ವಿಜಯಪುರದಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಇಷ್ಟದ ವಿಷಯ ಆರಿಸಿ ಕಲಿಯುವ ಎಲೆಕ್ಟಿವ್‌ಗೆ ರೇಡಿಯಾಲಜಿ, ಅಂದರೆ ಎಕ್ಸ್‌ರೇ-ಸ್ಕ್ಯಾನ್ ಓದುವ ವಿಭಾಗ, ಆರಿಸಿಕೊಂಡಿದ್ದೀರಿ, ನನಗೆ ತುಂಬಾ ಖುಷಿಯಾಗಿದೆ. ನಾವು ಓದುವಾಗ ಇಂಥ ಅವಕಾಶ ಇರಲಿಲ್ಲ. 2019ರ ಹೊಸ ಪಠ್ಯಕ್ರಮದ ಜೊತೆ ಇದು ಬಂತು. ವಾರ್ಡಿನಿಂದ ಫಿಲ್ಮ್ ತರಲು ಓಡಿದಾಗ ಕಣ್ಣಿಗೆ ಬಿದ್ದಷ್ಟೇ ನಮ್ಮ ರೇಡಿಯಾಲಜಿ.

ನಮ್ಮ ಕಡೆ ಹಳ್ಳಿ ಜನ ಎಕ್ಸ್‌ರೇಗೆ ಫೋಟೋ ಅಂತಾರೆ. "ಎದಿ ಫೋಟೋ ತಗಿಸೀನ್ರೀ" ಅಂತ ಕವರ್ ಕೈಗೆ ಕೊಡ್ತಾರೆ. ನಿಜವಾಗಿ ಅದು ನೆರಳು. ಕಿರಣ ದೇಹ ದಾಟಿ ಆಚೆ ಬರುತ್ತದೆ, ಎಷ್ಟು ಉಳಿದು ಬಂತು ಅನ್ನೋದೇ ಚಿತ್ರ. ಗಾಳಿ ಕಪ್ಪು, ಎಲುಬು ಬಿಳಿ, ನಡುವೆ ಕೊಬ್ಬು ಮತ್ತು ಮಾಂಸದ ಬೂದು. ಪುಪ್ಪುಸದಲ್ಲಿ ನೀರು, ಕೀವು, ರಕ್ತ ಏನೇ ತುಂಬಿದರೂ ಬಿಳಿ ಮಚ್ಚೆ ಒಂದೇ ಥರ. ಯಾವುದು ಅಂತ ನೆರಳು ಹೇಳುವುದಿಲ್ಲ. ಅದಕ್ಕೆ ರೋಗಿಯನ್ನು ಮುಟ್ಟಿ ನೋಡಿದವರ ಮಾತು ಬೇಕು.

ನಾನು ಕಲಿಯುತ್ತಿದ್ದಾಗಿನ ಒಂದು ದಿನ ಹೇಳ್ತೀನಿ. ಇಂಡಿ ಕಡೆಯ ಒಬ್ಬ ಅಜ್ಜನ ಎದೆಯ ಎಕ್ಸ್‌ರೇ. ಎಕ್ಸ್‌ರೇ ಬೇಕು ಅಂತ ವೈದ್ಯರು ಬರೆದು ಕಳಿಸುವ ಫಾರ್ಮ್ ಮೇಲೆ 'ಕೆಮ್ಮು' ಅಂತ ಒಂದೇ ಪದ. ಬಲ ಪುಪ್ಪುಸದ ಮೇಲ್ತುದಿಯಲ್ಲಿ ಮಚ್ಚೆ ಕಂಡಿತು. ಟಿಬಿ ಇರಬಹುದು ಅಂತ ಎರಡು ನಿಮಿಷದಲ್ಲಿ ಬರೆದು ಮುಗಿಸಿದೆ. ನಮ್ಮ ಸರ್ ಬಂದು ಎಡಗಡೆಯ ಒಂದು ಪಕ್ಕೆಲುಬಿನ ಮೇಲೆ ಪೆನ್ ಇಟ್ಟರು. "ಈ ಎಲುಬಿನ ಅಂಚು ಎಲ್ಲಿ ಹೋಯ್ತು?" ಸಪೂರ ಬಿಳಿ ಗೆರೆ ನಡುವೆ ಎರಡು ಬೆರಳಿನಷ್ಟು ಅಳಿಸಿಹೋಗಿತ್ತು, ಗೆದ್ದಲು ತಿಂದ ಕಟ್ಟಿಗೆ ಹಾಗೆ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಜ್ಜನ ಹತ್ತಿರ ಹೋಗಿ ಅದೇ ಜಾಗ ಒತ್ತಿದೆ. ಅವರು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. "ಅಲ್ಲೇ ನೋಡಪಾ, ಎರಡ ತಿಂಗಳಾತು, ರಾತ್ರಿ ನಿದ್ದಿಲ್ಲ." ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಒಂದು ಸಿಕ್ಕ ಕೂಡಲೇ ಕಣ್ಣು ಹುಡುಕುವುದನ್ನು ನಿಲ್ಲಿಸುತ್ತದೆ. ಇದು ಎಲ್ಲರಿಗೂ ಆಗುತ್ತದೆ. ಆದ್ದರಿಂದ ಮಚ್ಚೆ ಸಿಕ್ಕ ಮೇಲೂ ಪುಪ್ಪುಸದ ತುದಿ, ಹೃದಯದ ಹಿಂದೆ, ಡಯಾಫ್ರಂ (ಎದೆ-ಹೊಟ್ಟೆ ನಡುವಿನ ಪರದೆ) ಕೆಳಗೆ, ಒಂದೊಂದು ಎಲುಬು, ಹೀಗೆ ನೋಡುತ್ತಾ ಹೋಗಿ. ಕರುಳು ತೂತಾದವರನ್ನು ನಿಲ್ಲಿಸಿ ತೆಗೆದ ಎಕ್ಸ್‌ರೇಯಲ್ಲಿ ಬಲ ಡಯಾಫ್ರಂ ಕೆಳಗೆ ಸೋರಿದ ಗಾಳಿ ಬಿದಿಗೆ ಚಂದ್ರನಂಥ ಕಪ್ಪು ಗೆರೆಯಾಗಿ ಕಾಣಬಹುದು. ಎಡಗಡೆ ಜಠರದೊಳಗಿನ ಗಾಳಿ ಮಾಮೂಲಿ, ಅದಕ್ಕೆ ಗಾಬರಿಯಾಗಬೇಡಿ.

ಈಗ ಫಾರ್ಮ್ ವಿಷಯ. 'ಹೊಟ್ಟೆನೋವು, ಸ್ಕ್ಯಾನ್' ಅಂತ ಸುಮ್ನೆ ಗೀಚಿದರೆ ನಾನು ಏನು ಹುಡುಕಲಿ? 'ಮೊದಲು ಹೊಕ್ಕಳ ಸುತ್ತ ನೋವು, ಈಗ ಬಲಗಡೆ ಕೆಳಗೆ, ಜ್ವರ ಇದೆ' ಅಂತ ಬರೆಯಿರಿ, ನನ್ನ ಕೈ ನೇರ ಅಪೆಂಡಿಕ್ಸ್ ಕಡೆ ಹೋಗುತ್ತದೆ. 'ಬಿಸಿಲಲ್ಲಿ ಹೊಲದ ಕೆಲಸ, ಸೊಂಟದಿಂದ ತೊಡೆಸಂದಿಗೆ ಇಳಿಯುವ ನೋವು' ಅಂದರೆ ಮೂತ್ರದ ಕಲ್ಲು ಇರಬಹುದು. ಆಗ ಕಾಂಟ್ರಾಸ್ಟ್ (ಅಂಗಗಳು ಎದ್ದು ಕಾಣಲು ರಕ್ತನಾಳಕ್ಕೆ ಕೊಡುವ ಔಷಧ) ಇಲ್ಲದ ಸಿಟಿ ಸ್ಕ್ಯಾನ್ ಸಾಕು. ಕಾಂಟ್ರಾಸ್ಟ್ ಮೂತ್ರದಲ್ಲಿ ಇಳಿದರೆ ಅದೂ ಬಿಳಿ, ಕಲ್ಲೂ ಬಿಳಿ. ಕಲ್ಲು ಅದರಲ್ಲೇ ಮುಚ್ಚಿಹೋಗಬಹುದು.

ಅಲ್ಟ್ರಾಸೌಂಡ್ ನಿಮಗೆ ಜಾಸ್ತಿ ಕಷ್ಟ ಆಗಬಾರದು. ಗೋಲಗುಮ್ಮಟದಲ್ಲಿ ಕೂಗಿದ ಊರಿನವರು ಅಲ್ವಾ ನಾವು! ಶಬ್ದ ಕಳಿಸಿ ಮರುದನಿಗೆ ಕಾಯುವುದೇ ಇಲ್ಲಿಯ ಕೆಲಸ. ಮಾಂಸದಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1540 ಮೀಟರ್ ಹೋಗುತ್ತದೆ. ಮರುದನಿ ಎಷ್ಟು ತಡವಾಗಿ ಬಂತು ಅನ್ನೋದರಿಂದ ಯಂತ್ರ ಆಳ ಲೆಕ್ಕ ಹಾಕುತ್ತದೆ. ನಡುವೆ ಗಾಳಿ ಸಿಕ್ಕರೆ ಶಬ್ದ ಅಲ್ಲೇ ತಿರುಗುತ್ತದೆ. ಜೆಲ್ ಹಚ್ಚೋದು ಅದಕ್ಕೇ.

ಅದೇ ಕೋಣೆಯ ಬಾಗಿಲಲ್ಲಿ ಯಾರಾದರೂ ಮೆಲ್ಲಗೆ "ಗಂಡೋ ಹೆಣ್ಣೋ" ಅಂತ ನಿಮ್ಮನ್ನು ಕೇಳಬಹುದು. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆ ಪ್ರಕಾರ ಹೇಳುವುದು ಅಪರಾಧ. ಕೈಸನ್ನೆಯಲ್ಲೂ ಹೇಳುವಂತಿಲ್ಲ. ಎಕ್ಸ್‌ರೇಗೆ ಬಂದ ಹೆಣ್ಣುಮಗಳು ಬಸುರಿಯೇ ಅಂತ ತಿಳಿಯಲು ಮುಟ್ಟಿನ ತಾರೀಖು ಕೇಳಬೇಕಾದಾಗ ಅತ್ತೆಯನ್ನು ಹೊರಗೆ ಕೂಡಿಸಿ, ಒಬ್ಬಳನ್ನೇ ಕೇಳಿ. ಅತ್ತೆ ಎದುರು ಸಿಗದ ಉತ್ತರ ಆಗ ಸಿಗುತ್ತದೆ.

ನಾಳೆ ಬೆಳಿಗ್ಗೆ ನನ್ನ ಕೋಣೆಗೆ ಬರುವ ಮುಂಚೆ ಒಂದು ತಾಸು ಟೆಕ್ನಿಷಿಯನ್ ಪಕ್ಕ ನಿಲ್ಲಿ. "ಉಸಿರ ಜಗ್ಗರಿ, ಹಂಗ ಹಿಡೀರಿ, ಬಿಡ್ರಿ" ಅನ್ನೋದನ್ನು ಕೇಳಿ. ಉಸಿರು ಹಿಡಿಯಲಾಗದವರು ಯಾರು ಅಂತ ಬರೆದುಕೊಂಡು ಬನ್ನಿ. ಅವರ ಫಿಲ್ಮ್‌ನಿಂದಲೇ ಶುರು ಮಾಡೋಣ.