ಪಾಯಿಂಟ್ಸೇ ಇಲ್ಲದ ರೇಸ್‌ಗೆ ಜನ ಯಾಕೆ ಮುಗಿಬೀಳುತ್ತಾರೆ? ನಾಸ್ಕಾರ್ ಆಲ್-ಸ್ಟಾರ್ ರೇಸ್

[ದೃಶ್ಯ: ನಾರ್ತ್ ವಿಲ್ಕ್ಸ್‌ಬರೋ ಟ್ರ್ಯಾಕ್, ಡ್ರೋನ್ ಶಾಟ್]

ನಮಸ್ಕಾರ. ಗೆದ್ದವನಿಗೆ 10 ಲಕ್ಷ ಡಾಲರ್. ಚಾಂಪಿಯನ್‌ಶಿಪ್ ಪಾಯಿಂಟ್ಸ್ ಮಾತ್ರ ಯಾರಿಗೂ ಒಂದೂ ಇಲ್ಲ. ಅಮೆರಿಕದಲ್ಲಿ ಸ್ಟಾಕ್ ಕಾರ್ ರೇಸ್‌ಗಳನ್ನು ನಡೆಸುವ ನಾಸ್ಕಾರ್‌ನ ಆಲ್-ಸ್ಟಾರ್ ರೇಸ್ ಅಂದರೆ ಇಷ್ಟೇ. ಆದರೆ ಈ ಒಂದು ರೇಸನ್ನು ಟಿವಿಯಲ್ಲಿ ನೋಡಿ ಸುಮ್ಮನಾಗಬೇಡಿ, ಸಾಧ್ಯವಾದರೆ ಹೋಗಿ ಕೂತು ನೋಡಿ ಅನ್ನುವುದು ನನ್ನ ಮಾತು. ಯಾಕೆ ಅಂತ ಹೇಳುತ್ತೇನೆ.

ಮೊದಲು ಸ್ಟಾಕ್ ಕಾರ್ ಅಂದರೆ ಏನು? ಹೊರಗಿನಿಂದ ಫೋರ್ಡ್ ಮಸ್ಟಾಂಗ್, ಟೊಯೋಟ ಕ್ಯಾಮ್ರಿ ತರ ಕಾಣುತ್ತದೆ. ಒಳಗೆ ಷೋರೂಮ್ ಕಾರಿನದ್ದು ಏನೂ ಇಲ್ಲ. ಉಕ್ಕಿನ ಕೊಳವೆಗಳ ಚೌಕಟ್ಟು, ವಿ8 ಎಂಜಿನ್, ಒಂದೇ ಸೀಟು. ಬಾಗಿಲು ತೆರೆಯುವುದೇ ಇಲ್ಲ, ಡ್ರೈವರ್ ಕಿಟಕಿಯಿಂದ ತೂರಿಕೊಂಡು ಒಳಗೆ ಹೋಗಬೇಕು.

ವರ್ಷಕ್ಕೆ 36 ಪಾಯಿಂಟ್ಸ್ ರೇಸ್ ಇರುತ್ತವೆ. ಅಲ್ಲಿ ಎಲ್ಲರಿಗೂ ಲೆಕ್ಕಾಚಾರ ಇದ್ದೇ ಇರುತ್ತದೆ, ಇವತ್ತು ಐದನೇ ಸ್ಥಾನ ಸಿಕ್ಕರೂ ಪರವಾಗಿಲ್ಲ, ಕಾರು ಉಳಿಸಿಕೊಂಡರೆ ಸಾಕು ಅಂತ. ಆಲ್-ಸ್ಟಾರ್‌ನಲ್ಲಿ ಈ ಲೆಕ್ಕ ನಡೆಯುವುದಿಲ್ಲ, ಗೆಲ್ಲಬೇಕು ಅಷ್ಟೇ.

[ದೃಶ್ಯ: 1992ರ ಶಾರ್ಲಟ್ ರೇಸಿನ ಫೋಟೋ]

ಆಲ್-ಸ್ಟಾರ್ ಶುರುವಾಗಿದ್ದು 1985ರಲ್ಲಿ, ಉತ್ತರ ಕ್ಯಾರೊಲಿನಾದ ಶಾರ್ಲಟ್‌ನಲ್ಲಿ, ಬರೀ 12 ಡ್ರೈವರ್‌ಗಳಿಂದ. ಡ್ಯಾರೆಲ್ ವಾಲ್ಟ್ರಿಪ್ ಗೆದ್ದರು, ಗೆರೆ ದಾಟುತ್ತಿದ್ದ ಹಾಗೇ ಅವರ ಎಂಜಿನ್ ಹೊಗೆಯಾಡಿ ಹೋಯಿತು. 1992ರದ್ದು ಇನ್ನೂ ಜೋರು. ಟ್ರ್ಯಾಕಿಗೆ ಹೊಸದಾಗಿ ದೀಪ ಹಾಕಿಸಿ ರಾತ್ರಿ ರೇಸ್ ಇಟ್ಟಿದ್ದರು. ಕೊನೇ ಸುತ್ತಿನಲ್ಲಿ ಮುಂದಿದ್ದ ಡೇಲ್ ಅರ್ನ್‌ಹಾರ್ಟ್ ಕಾರು ಗಿರಕಿ ಹೊಡೆಯಿತು, ಹಿಂದಿದ್ದ ಕೈಲ್ ಪೆಟಿ ಮತ್ತು ಡೇವಿ ಆಲಿಸನ್ ಅಕ್ಕಪಕ್ಕ ಬಂದು ಗೆರೆಯ ಹತ್ತಿರ ತಾಗಿಸಿಕೊಂಡರು, ಗೆದ್ದ ಆಲಿಸನ್ ಗೋಡೆಗೆ ಹೊಡೆದು ಪ್ರಜ್ಞೆ ತಪ್ಪಿ ಸೀದಾ ಆಸ್ಪತ್ರೆಗೆ ಹೋದರು. ಟ್ರೋಫಿ ಹಿಡಿದು ನಿಲ್ಲಬೇಕಾದವರೇ ಅಲ್ಲಿರಲಿಲ್ಲ.

ಯಾರಿಗೆ ಆಹ್ವಾನ? ಈ ವರ್ಷ ಅಥವಾ ಹಿಂದಿನ ವರ್ಷ ರೇಸ್ ಗೆದ್ದವರಿಗೆ, ಇನ್ನೂ ಪೂರ್ತಿ ಸೀಸನ್ ಓಡಿಸುತ್ತಿರುವ ಹಳೇ ಚಾಂಪಿಯನ್‌ಗಳಿಗೆ, ಹಳೇ ಆಲ್-ಸ್ಟಾರ್ ವಿಜೇತರಿಗೆ. ನಿಯಮ ಆಗಾಗ ಬದಲಾಗುತ್ತದೆ, ಆದರೆ ಇತ್ತೀಚಿನ ವರ್ಷಗಳಲ್ಲಿ ಇದೇ ಇತ್ತು. ಉಳಿದವರಿಗೆ ಅದಕ್ಕೂ ಮೊದಲು ಓಪನ್ ಅಂತ ಒಂದು ಚಿಕ್ಕ ರೇಸ್ ಇತ್ತು. 2025ರಲ್ಲಿ ಅದರಿಂದ ಮೊದಲ ಇಬ್ಬರು ಒಳಗೆ ಹೋದರು. ಇನ್ನೊಂದು ಜಾಗ ಅಭಿಮಾನಿಗಳ ವೋಟಿಗೆ! 2023, 2024, 2025, ಮೂರೂ ವರ್ಷ ನೋವಾ ಗ್ರ್ಯಾಗ್ಸನ್ ಅವರನ್ನು ಜನರೇ ಒಳಗೆ ಕಳಿಸಿದ್ದು. ಡ್ರೈವರನ್ನು ಟ್ರ್ಯಾಕಿಗೆ ಇಳಿಸುವ ಹಕ್ಕು ನೋಡುವವರ ಕೈಗೆ ಕೊಡುವ ಆಟ ಎಷ್ಟಿವೆ ಹೇಳಿ?

[ದೃಶ್ಯ: ಪಾಳುಬಿದ್ದ ಟ್ರ್ಯಾಕ್, ಆಮೇಲೆ ತುಂಬಿದ ಸ್ಟ್ಯಾಂಡ್]

ಈಗ ನನಗೆ ತುಂಬಾ ಇಷ್ಟವಾದ ವಿಷಯ, ನಾರ್ತ್ ವಿಲ್ಕ್ಸ್‌ಬರೋ. ಉತ್ತರ ಕ್ಯಾರೊಲಿನಾದ ಚಿಕ್ಕ ಊರು. ಟ್ರ್ಯಾಕ್ ಶುರುವಾಗಿದ್ದು 1947ರಲ್ಲಿ. ಕಳ್ಳಭಟ್ಟಿ ಸಾಗಿಸುತ್ತಿದ್ದ ಹುಡುಗರು ಪೊಲೀಸರಿಂದ ತಪ್ಪಿಸಿಕೊಳ್ಳಲು ಕಾರಿಗೆ ಜೋರು ಎಂಜಿನ್ ಕೂರಿಸುತ್ತಿದ್ದ ಸೀಮೆ ಅದು, ದಂತಕಥೆಯಾದ ಡ್ರೈವರ್ ಜೂನಿಯರ್ ಜಾನ್ಸನ್ ಬಂದಿದ್ದೂ ಅಲ್ಲಿಂದಲೇ. 1996ರಲ್ಲಿ ಅಲ್ಲಿ ನಾಸ್ಕಾರ್‌ನ ಅತಿ ದೊಡ್ಡ ಸರಣಿಯಾದ ಕಪ್ ರೇಸ್ ನಿಂತಿತು, ನೋಡುವವರಿಲ್ಲದೆ ಸ್ಟ್ಯಾಂಡ್‌ಗಳು ಹಾಳಾದವು, ಗಿಡಗಂಟಿ ಬೆಳೆಯಿತು. ಹಳೇ ಅಭಿಮಾನಿಗಳು ಮಾತ್ರ ಬಿಡಲಿಲ್ಲ. ಆಗಲೇ ಹೇಳಿದ ಅರ್ನ್‌ಹಾರ್ಟ್ ಅವರ ಮಗ, ತಾವೂ ಹೆಸರಾಂತ ಡ್ರೈವರ್ ಆಗಿದ್ದ ಡೇಲ್ ಅರ್ನ್‌ಹಾರ್ಟ್ ಜೂನಿಯರ್ ಕೂಡ ಜೊತೆಗೆ ನಿಂತರು, ರಾಜ್ಯ ಸರ್ಕಾರ ದುಡ್ಡು ಕೊಟ್ಟಿತು, 2023ರಲ್ಲಿ ಆಲ್-ಸ್ಟಾರ್ ರೇಸ್ ಅಲ್ಲಿಗೇ ಬಂತು. ಕೈಲ್ ಲಾರ್ಸನ್ ಗೆದ್ದರು. ಆ ತುಂಬಿದ ಸ್ಟ್ಯಾಂಡ್ ನೋಡಿದರೆ ಈಗಲೂ ನನಗೆ ಮೈ ಜುಂ ಅನ್ನುತ್ತದೆ.

ಒಂದು ಸುತ್ತು ಅಂದರೆ ಸುಮಾರು 1 ಕಿ.ಮೀ. ಮುಂದಿನ ನೇರ ದಾರಿ ಇಳಿಜಾರು, ಹಿಂದಿನದ್ದು ಏರು. ಇಪ್ಪತ್ತು ಸೆಕೆಂಡಿನೊಳಗೆ ಒಂದು ಸುತ್ತು ಮುಗಿದುಹೋಗುತ್ತದೆ. ಮೇಲಿನ ಸಾಲಿನಲ್ಲಿ ಕೂತರೆ ಟ್ರ್ಯಾಕ್ ಪೂರ್ತಿ ಕಾಣುತ್ತದೆ. ಮುಂದಿನ ಸೀಟು ಬೇಡ ಅನ್ನುವುದು ಇದಕ್ಕೇ.

ಕಿವಿಗೆ ಇಯರ್‌ಪ್ಲಗ್ ಬೇಕೇ ಬೇಕು, ಮಕ್ಕಳಿಗಂತೂ ದಪ್ಪ ಇಯರ್‌ಮಫ್ ಹಾಕಿಸಿ. ಆಮೇಲೆ ಸ್ಕ್ಯಾನರ್. ಇದು ಚಿಕ್ಕ ರೇಡಿಯೋ, ಡ್ರೈವರ್ ಮತ್ತು ಅವನ ಟೀಮ್ ಮಾತಾಡುವುದು ನೇರವಾಗಿ ಕೇಳಿಸುತ್ತದೆ. ಮೇಲೆ ನಿಂತು ದಾರಿ ಹೇಳುವವನು ಸ್ಪಾಟರ್. ಕಾರು ತಿರುವಿಗೆ ಬರುತ್ತಿದ್ದ ಹಾಗೆ ಅವನ ದನಿ, ಒಂದೇ ಉಸಿರಿನಲ್ಲಿ, "ಇನ್‌ಸೈಡ್... ಸ್ಟಿಲ್ ದೇರ್... ಸ್ಟಿಲ್ ದೇರ್... ಕ್ಲಿಯರ್." ಒಳಬದಿಯಲ್ಲಿ ಇನ್ನೊಂದು ಕಾರಿದೆ, ಇನ್ನೂ ಇದೆ, ಈಗ ಇಲ್ಲ ಅಂತ ಅರ್ಥ. ಆ "ಕ್ಲಿಯರ್" ಕಿವಿಗೆ ಬೀಳುವಾಗಲೇ ನಿಮ್ಮ ಕಣ್ಣೆದುರು ಕಾರು ಮೇಲಿನ ಲೇನಿನಿಂದ ಕೆಳಕ್ಕೆ ಇಳಿದಿರುತ್ತದೆ. ಟಿವಿ ಕ್ಯಾಮೆರಾ ಮುಂದಿರುವವನ ಹಿಂದೆಯೇ ಓಡುತ್ತದೆ, ನೀವು ಹದಿನಾಲ್ಕನೇ ಸ್ಥಾನದ ಜಗಳವನ್ನೂ ಪೂರ್ತಿ ನೋಡಬಹುದು. 2024ರಲ್ಲಿ ಜೋಯಿ ಲೊಗಾನೊ 200 ಸುತ್ತಿನಲ್ಲಿ 199 ಸುತ್ತು ಮುಂದಿದ್ದರು. ಅಂಥ ರೇಸನ್ನು ಟಿವಿಯಲ್ಲಿ ನೋಡಿದವರಿಗೆ ಬೇಜಾರಾಗಿರಬಹುದು, ಸ್ಕ್ಯಾನರ್ ಇದ್ದವರಿಗೆ ಹಿಂದೆ ನೋಡೋಕೆ ಜಾಸ್ತಿಯೇ ಇತ್ತು.

ಅದೇ ರಾತ್ರಿ ಇನ್ನೊಂದು ನಡೆಯಿತು. ಎರಡನೇ ಸುತ್ತಿನಲ್ಲೇ ಕೈಲ್ ಬುಷ್ ಜೊತೆ ತಾಗಿ ರಿಕಿ ಸ್ಟೆನ್‌ಹೌಸ್ ಜೂನಿಯರ್ ಕಾರು ಹಾಳಾಯಿತು. ರೇಸ್ ಮುಗಿಯುವ ತನಕ ಟ್ರ್ಯಾಕ್ ದಾಟಿ ಹೊರಗೆ ಹೋಗುವ ದಾರಿ ಇರಲಿಲ್ಲ. ಸ್ಟೆನ್‌ಹೌಸ್ ಅಲ್ಲೇ ಕಾದು, ಬುಷ್ ಬಂದಾಗ ಹೊಡೆದೇಬಿಟ್ಟರು. 75,000 ಡಾಲರ್ ದಂಡ ಬಿತ್ತು. ಹೊಡೆದಾಟ ನನಗೆ ಹಿಡಿಸುವುದಿಲ್ಲ, ಆದರೆ ಪಾಯಿಂಟ್ಸ್ ಇಲ್ಲದ ರೇಸ್ ಅಂತ ಡ್ರೈವರ್‌ಗಳು ಇದನ್ನು ಹಗುರವಾಗಿ ತಗೊಳ್ಳುವುದಿಲ್ಲ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ ಅಲ್ವಾ?

2026ಕ್ಕೆ ನಾರ್ತ್ ವಿಲ್ಕ್ಸ್‌ಬರೋಗೆ ಪಾಯಿಂಟ್ಸ್ ರೇಸನ್ನೇ ವಾಪಸ್ ಕೊಟ್ಟರು, ಆಲ್-ಸ್ಟಾರ್ ಡೆಲವೇರ್‌ನ ಡೋವರ್ ಪಾಲಾಯಿತು. ಶಾರ್ಲಟ್, ರಾಲಿ ಕಡೆ ಇರುವ ನಮ್ಮ ಕನ್ನಡದವರು ಮನೆ ಹತ್ತಿರದ ಟ್ರ್ಯಾಕನ್ನು ತಪ್ಪಿಸಿಕೊಳ್ಳಬೇಡಿ. ಊಟ, ನೀರು ಕೂಲರಿನಲ್ಲಿ ಒಯ್ಯಲು ತುಂಬಾ ಟ್ರ್ಯಾಕ್‌ಗಳು ಬಿಡುತ್ತವೆ, ಟಿಕೆಟ್ ತಗೊಳ್ಳುವಾಗಲೇ ಬ್ಯಾಗಿನ ಅಳತೆ ನೋಡಿಕೊಳ್ಳಿ. ಆಲ್-ಸ್ಟಾರ್‌ಗೆ ಹೋಗುವವರು ದೊಡ್ಡ ರೇಸಿನ ಹೊತ್ತಿಗೆ ಹೋದರೆ ಸಾಕು ಅಂದುಕೊಳ್ಳಬೇಡಿ, ಅವತ್ತು ಓಟ ಶುರು ಅಂತ ತೋರಿಸುವ ಮೊದಲ ಹಸಿರು ಬಾವುಟಕ್ಕೇ ಸೀಟಿನಲ್ಲಿರಿ. ಅಭಿಮಾನಿಗಳ ವೋಟ್ ಇದ್ದರೆ ಅದನ್ನೂ ಹಾಕಿ, ಯಾರಿಗೆ ಹಾಕುತ್ತೀರಿ ಅಂತ ಕೆಳಗೆ ಬರೆಯಿರಿ.